ನಿಮ್ಜ್‌ಗೆ ನಕ್ಷೆನೇ ಬಾಗ್ತದ, ರೊಟ್ಟಿ ಮನಿಗಿ ಮೂರು ಅಡಿ ಬಾಗಲ್ಲ



ಶಿವರಾತ್ರಿಗೆ ಝರಾಸಂಗಂಗೆ ಬಂದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಕೇತಕಿ ಸಂಗಮೇಶ್ವರನ ಗುಡಿಗೆ ಬೀದರ ಕಡೆಯಿಂದ, ಜಹೀರಾಬಾದ್ ಕಡೆಯಿಂದ ಮಂದಿ ಬಂದು ಇಳೀತಾರ. ಆ ದಿನಗಳಾಗ ಗುಡಿ ಸುತ್ತಿನ ಮನಿ ಬರೇ ಮನಿಯಾಗಿ ಉಳಿಯಲ್ಲ. ಒಬ್ಬರ ಕಟ್ಟಿ ಮ್ಯಾಲ ಕಾಯಿ-ಕರ್ಪೂರ, ಇನ್ನೊಬ್ಬರ ಪಡಸಾಲ್ಯಾಗ ಚಹಾ, ಮತ್ತೊಬ್ಬರ ಹಿತ್ತಲದಾಗ ಮಿಂದು ಬಂದವರಿಗೆ ಬಟ್ಟಿ ಬದಲಾಯಿಸ್ಲಿಕ್ಕೆ ಜಾಗ. ಅಜ್ಜಿಯರ ಕಾಲದಿಂದ ಹಿಂಗೇ ನಡೆದದ. ಇದಕ್ಕ "ವಾಸದ ಕಟ್ಟಡದಲ್ಲಿ ವಾಣಿಜ್ಯ ಬಳಕೆ" ಅಂತ ಒಂದು ಹೆಸರು ಅದ ಅಂತ ನಮಗ ಗೊತ್ತಾಗಿದ್ದು ಈಚೆಗೆ. ಒಂದು ಮನಿಗಿ ನೋಟಿಸ್ ಬಂದ ಮ್ಯಾಲ.

ಕಚೇರಿ ಹೆಸರು ಬ್ಯಾಡ, ಊರ ಹೆಸರೂ ಬ್ಯಾಡ. ನಮ್ಮ ಕಡೆಯ ಒಬ್ಬ ಅಕ್ಕ. ಜೋಳದ ರೊಟ್ಟಿ ಬಡಿದು ಮಾರ್ತಾಳ. ಮೊದಲು ಒಬ್ಬಳೇ ಬಡೀತಿದ್ದಳು, ಆಮ್ಯಾಲ ಓಣಿಯ ಇನ್ನಿಬ್ಬರು ಕೂಡಿದರು. ಒಳಗಿನ ಒಲಿ ಸಾಲ್ದಾಯ್ತು. ಮನಿ ಮುಂದ ನಾಲ್ಕು ತಗಡು ಹಾಕಿ ಒಂದು ಚಪ್ಪರದಂಥ ಶೆಡ್ ಮಾಡಿಕೊಂಡಳು. ಅದು ರಸ್ತೆ ಕಡೆ ಬಿಡಬೇಕಾದ ಜಾಗದಾಗ ಸುಮಾರು ಮೂರು ಅಡಿ ಬಂದಿತ್ತು. ತಪ್ಪು ಹೌದು, ನಾವೂ ಒಪ್ತೀವಿ. ಒಂದು ದಿನ ಒಬ್ಬರು ಬಂದು ಕಾಗದ ಕೊಟ್ಟು ಹೋದರು. ಕಾಗದ ತೆಲುಗಿನಾಗ. ಅಕ್ಕ ಓದಿದ್ದು ಕನ್ನಡ ಐದನೇ ಈಯತ್ತೆ. ಮಗ ಇಂಗ್ಲಿಷ್ ಮೀಡಿಯಂ, ಅವನಿಗೆ ತೆಲುಗು ಮಾತು ಬರ್ತದ, ಕಚೇರಿ ತೆಲುಗು ಬರಲ್ಲ. ಕಾಗದ ಒಯ್ದು ಒಬ್ಬ ದಲ್ಲಾಳಿಗೆ ತೋರಿಸಿದರು. ಅವನು "ಮನಿ ಬೀಳ್ತದ, ಇಷ್ಟು ಕೊಡ್ರಿ" ಅಂದ. ಕೊಡ್ಲಿಕ್ಕೆ ಅಷ್ಟು ರೊಕ್ಕ ಇರಲಿಲ್ಲ. ಅಂಜಿ ತಾವೇ ಶೆಡ್ ಕಿತ್ತರು.

ಮುಂದ ಒಂದು ತಿಂಗಳಿಗೆ ಆ ಕಾಗದ ನಮ್ಮ ಕೈಗೆ ಬಂತು. ಕೂತು ಓದಿದೆವು. ಅದರಾಗ ಮನಿ ಕೆಡವುತೀವಿ ಅಂತ ಎಲ್ಲೂ ಇರಲಿಲ್ಲ. ಏಳು ದಿನದೊಳಗ "ಸಂಜಾಯಿಷೀ" ಕೊಡ್ರಿ ಅಂತ ಇತ್ತು. ಸಂಜಾಯಿಷೀ ಅಂದ್ರ ನಮ್ಮ ಸಮಜಾಯಿಷಿನೇ. ಅದೇ ಮಾತು, ಅದೇ ಅರ್ಥ. ಯಾರಾದ್ರೂ ಜೋರಾಗಿ ಓದಿ ಹೇಳಿದ್ರ ಅಕ್ಕನಿಗೆ ತಿಳೀತಿತ್ತು. "ನಂದು ಸಣ್ಣ ಕೆಲಸ, ಇಷ್ಟು ಜಾಗ ಹಿಂದ ಸರಿಸ್ತೀನಿ, ಉಳಿದದ್ದಕ್ಕ ಪರವಾನಗಿ ಕೊಡ್ರಿ" ಅಂತ ಒಂದು ಹಾಳಿ ಉತ್ತರ ಬರೆದಿದ್ರ ಶೆಡ್ ಅರ್ಧನಾದ್ರೂ ಉಳೀತಿತ್ತು. ಏಳು ದಿನ ಕಳೆದು ಹೋಗಿತ್ತು. ಮೂರು ಮನಿಯ ದುಡಿಮಿ ಹೋಯ್ತು. ಕಾನೂನು ಕೆಡವಿದ್ದಲ್ಲ, ಓದಲಾರದ ಒಂದು ಹಾಳಿ ಕೆಡವಿದ್ದು.

ನಮ್ಮ ಜಗಳ ಇರೋದು ಇಲ್ಲಿ. ಮನಿಯೊಳಗಿನ ಸಣ್ಣ ಉದ್ಯೋಗಕ್ಕ, ಸಣ್ಣ ಮನಿ ರಿಪೇರಿಗೆ ನಿಯಮದಾಗ ಒಂದು ಸಡಿಲಿಕೆ ಬೇಕು. ಆ ಸಡಿಲಿಕೆ ಕೇಳುವ ಹಕ್ಕು ನಮ್ಮ ಭಾಷೆಯಾಗ ಬೇಕು. ಎರಡೂ ಕೂಡಿ ಬೇಕು. ಒಂದಿದ್ದು ಇನ್ನೊಂದಿಲ್ಲ ಅಂದ್ರ ಉಪಯೋಗ ಇಲ್ಲ.

ನಕ್ಷೆ ಬಾಗಲ್ಲ ಅಂತ ಯಾರು ಹೇಳಿದ್ರು?

"ರೂಲ್ ಅಂದ್ರ ರೂಲ್, ನಿಮಗೊಂದು ನಮಗೊಂದು ಆಗಲ್ಲ" ಅಂತಾರ ಕಚೇರಿಯಾಗ. ಸರಿ. ಹಂಗಾದ್ರ ನಮ್ಮ ಬಗಲಾಗೇ ಏನು ನಡೆದದ ನೋಡ್ರಿ.

ಕೇಂದ್ರ ಸರ್ಕಾರ 2011ರಲ್ಲಿ ರಾಷ್ಟ್ರೀಯ ಉತ್ಪಾದನಾ ನೀತಿ ತಂತು. ಆ ನೀತಿಯ ಕೆಳಗೆ ನಮ್ಮ ಝರಾಸಂಗಂ, ನ್ಯಾಲಕಲ್ ಎರಡು ಮಂಡಲಗಳ 17 ಹಳ್ಳಿಗಳಾಗ ಸುಮಾರು 12,600 ಎಕರೆಯ ನಿಮ್ಜ್, ಅಂದ್ರ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ, ಗುರುತು ಮಾಡಿದರು. 2016ರ ಜನವರಿಯಲ್ಲಿ ಅದಕ್ಕ ಅಂತಿಮ ಒಪ್ಪಿಗೆ ಸಿಕ್ಕಿತು. 2022ರಲ್ಲಿ ಯಲ್ಗೋಯಿ ಹತ್ತಿರ ರಕ್ಷಣಾ ಉಪಕರಣದ ಕಾರ್ಖಾನೆಗೆ ಅಡಿಗಲ್ಲು ಬಿತ್ತು. 2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ದೇಶದಾಗ 12 ಕೈಗಾರಿಕಾ ನಗರಗಳಿಗೆ ಒಪ್ಪಿಗೆ ಕೊಟ್ಟಿತು. ಅದರಾಗ ಜಹೀರಾಬಾದ್ ಒಂದು.

ಕಾರ್ಖಾನೆ ಬ್ಯಾಡ ಅಂತ ಇಲ್ಲಿ ವಾದ ಮಾಡ್ಲತ್ತಿಲ್ಲ. ಭೂಮಿ ಕೊಟ್ಟ ರೈತರ ಪ್ರಶ್ನೆ ದೊಡ್ಡದು, ಅದಕ್ಕ ಬೇರೆ ಬರೀಬೇಕು. ಇಲ್ಲಿ ನಾವು ಕೇಳೋದು ಒಂದೇ. ಜೋಳ, ತೊಗರಿ, ಕಬ್ಬು ಬೆಳೆಯುವ ಭೂಮಿ ಕಾಗದದ ಮ್ಯಾಲ ಬಣ್ಣ ಬದಲಾಯಿಸಿ ಕೈಗಾರಿಕೆ ಭೂಮಿ ಆಗ್ಲಿಕ್ಕೆ ಸಾಧ್ಯ ಅದ ಅಂದ್ರ, ನಕ್ಷೆ ಕಲ್ಲಿನ ಮ್ಯಾಲ ಕೊರೆದದ್ದಲ್ಲ ಅಂತಾಯ್ತು. ಭೂ ಬಳಕೆ ಬದಲಾವಣೆಗೆ ಕಾನೂನಿನಾಗೇ ದಾರಿ ಅದ. ಸಾವಿರ ಎಕರೆಯವರಿಗೆ ಆ ದಾರಿ ತೋರಿಸ್ಲಿಕ್ಕೆ ಒಂದು ಇಲಾಖೆಯೇ ಇರ್ತದ. 27 ಅಡಿ ಉದ್ದ 25 ಅಡಿ ಅಗಲದ ಮನಿಯವಳಿಗೆ ದಾರಿ ತೋರಿಸ್ಲಿಕ್ಕೆ ದಲ್ಲಾಳಿ ಒಬ್ಬನೇ ಇರ್ತಾನ.

ಬಾಗಿಲು ಎಷ್ಟು ಅವ, ಯಾವುದು ತೆರೆದದ

ನಮ್ಮೊಳಗ ಬ್ಯಾಂಕಿನ ಕೌಂಟರ್ ಮ್ಯಾಲ ಕೂಡೋರು ಇದ್ದೀವಿ, ಕಾಮರ್ಸ್ ಓದಿದವರು ಇದ್ದೀವಿ. ಮಂದಿ ದಿನಾ ಕಾಗದ ಹಿಡಕೊಂಡು ಬರ್ತಾರ. ಅವರಿಗೆ ನಾವು ಏನು ಹೇಳ್ತೀವೋ ಅದನ್ನೇ ಇಲ್ಲಿ ಬರೀತೀವಿ. ತಲಿಯೊಳಗ ಇಟ್ಟುಕೊಳ್ರಿ.

ಒಂದು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಪುರಸಭೆಗಳು. ಪುರಸಭೆಯೊಳಗ 2020ರ ಟಿಎಸ್-ಬಿಪಾಸ್ ಕಾಯ್ದೆ ನಡೀತದ. 75 ಗಜದ ತನಕದ ಜಾಗದಾಗ, 7 ಮೀಟರ್ ಎತ್ತರದ ತನಕ ಮನಿ ಕಟ್ಟಲಿಕ್ಕೆ ಪರವಾನಗಿನೇ ಬೇಕಾಗಿಲ್ಲ. ಒಂದು ರೂಪಾಯಿ ಕೊಟ್ಟು ನೋಂದಣಿ ಮಾಡಿಸಿದ್ರ ಸಾಕು. ಮ್ಯಾಲ ಹೇಳಿದ 27 ಅಡಿ 25 ಅಡಿ ಜಾಗ ಅಂದ್ರ ಸರಿಯಾಗಿ 75 ಗಜ. ಅಲ್ಲಿಂದ 600 ಗಜದ ತನಕ, 10 ಮೀಟರ್ ಎತ್ತರದ ತನಕ ಸ್ವಯಂ ದೃಢೀಕರಣದ ಮ್ಯಾಲ ಕೂಡಲೇ ಒಪ್ಪಿಗೆ. ಅದಕ್ಕಿಂತ ದೊಡ್ಡದಕ್ಕ 21 ದಿನದೊಳಗ ತೀರ್ಮಾನ. ಕಾಗದದ ಮ್ಯಾಲ ಇದು ಭಾಳ ಚಲೋ ಕಾಯ್ದೆ. ನಾವು ಹೊಗಳ್ತೀವಿ ಸುದ್ದಾ.

ಎರಡು. ಹಳ್ಳಿಗಳಾಗ 2018ರ ತೆಲಂಗಾಣ ಪಂಚಾಯತ್ ರಾಜ್ ಕಾಯ್ದೆ. 300 ಚದರ ಮೀಟರ್ ತನಕದ ಜಾಗ, 10 ಮೀಟರ್ ಎತ್ತರದ ತನಕದ ಮನಿಗಿ ಗ್ರಾಮ ಪಂಚಾಯ್ತಿಯೇ ಒಪ್ಪಿಗೆ ಕೊಡಬಹುದು. ಅದರ ಮ್ಯಾಲಿನದಕ್ಕ ನಗರ ಯೋಜನೆ ಇಲಾಖೆಯ ತಾಂತ್ರಿಕ ಒಪ್ಪಿಗೆ ಬೇಕು. ಅಂದ್ರ ನಮ್ಮ ಹಳ್ಳಿಯ ಹೆಚ್ಚಿನ ಮನಿಗಳ ಮಾತು ಹೈದರಾಬಾದ್ ತನಕ ಹೋಗಬೇಕಾಗೇ ಇಲ್ಲ. ಊರಾಗೇ ಮುಗೀಬೇಕು.

ಮೂರು. ಬಿಡಬೇಕಾದ ಖಾಲಿ ಜಾಗ, ಅಂದ್ರ ಸೆಟ್‌ಬ್ಯಾಕ್. 2012ರ ಕಟ್ಟಡ ನಿಯಮಗಳೊಳಗ ಸಣ್ಣ ಕಟ್ಟಡಗಳಿಗೆ ನೂರಕ್ಕೆ ಹತ್ತರ ತನಕದ ಲೋಪವನ್ನ ದಂಡ ಹಾಕಿ ಮನ್ನಿಸ್ಲಿಕ್ಕೆ ಅವಕಾಶ ಅದ. ಕೇಳಲಿಕ್ಕೆ ಉದಾರ ಅನಿಸ್ತದ. ಲೆಕ್ಕ ಹಾಕ್ರಿ. ಒಂದೂವರೆ ಮೀಟರ್ ಬಿಡಬೇಕಾದ ಕಡೆ ನೂರಕ್ಕೆ ಹತ್ತು ಅಂದ್ರ 15 ಸೆಂಟಿಮೀಟರ್. ಒಂದು ಗೇಣು ಸುದ್ದಾ ಇಲ್ಲ. ದೊಡ್ಡ ಜಾಗದವನಿಗೆ ಬಿಡುವ ಅಂತರವೂ ದೊಡ್ಡದು, ಅದರ ಹತ್ತರಷ್ಟೂ ದೊಡ್ಡದು. ಸಣ್ಣ ಜಾಗದವನಿಗೆ ಸಿಗೋದು ಗೇಣಿಗಿಂತ ಕಮ್ಮಿ. ಜಾಗ ಯಾರಿಗೆ ಕಮ್ಮಿ ಅದನೋ ಅವರಿಗೇ ರಿಯಾಯಿತಿ ಕಮ್ಮಿ.

ನಾಲ್ಕು. ಕರೆಂಟ್. ಮನಿ ಮೀಟರ್ ಮ್ಯಾಲ ರೊಟ್ಟಿ ಮಷೀನ್, ಹೊಲಿಗಿ ಮಷೀನ್ ನಡೆಸಿದ್ರ "ಕಮರ್ಷಿಯಲ್ ಕೆಟಗರಿಗೆ ಹಾಕ್ತೀವಿ" ಅಂತ ಅಂಜಿಸ್ತಾರ. 2024ರ ಮಾರ್ಚ್‌ನಿಂದ ಗೃಹಜ್ಯೋತಿಯಾಗ 200 ಯೂನಿಟ್ ತನಕ ಪುಕ್ಕಟೆ ಸಿಗೋದು ಮನಿ ಮೀಟರಿಗೆ. ಆ ಮೀಟರ್ ಕಮರ್ಷಿಯಲ್ ಆಯ್ತಂದ್ರ ಬಡವರ ಮನಿಗಿ ಎರಡು ಕಡೆಯಿಂದ ಪೆಟ್ಟು. ಆದ್ರ ದರಪಟ್ಟಿಯಾಗ ಎಲ್‌ಟಿ-4 ಅಂತ ಒಂದು ವರ್ಗ ಅದ, ಗೃಹ ಕೈಗಾರಿಕೆಗೆ ಅಂತಲೇ. ಎಷ್ಟು ಮಂದಿಗೆ ಗೊತ್ತದ? ಬೇರೆ ಮೀಟರ್ ತಗೊಂಡು ಆ ವರ್ಗದಾಗ ಹಾಕ್ರಿ ಅಂತ ಅರ್ಜಿ ಕೊಟ್ಟವರು ನಿಮ್ಮ ಓಣ್ಯಾಗ ಯಾರಾದ್ರೂ ಇದ್ದಾರ?

ಐದು. ಲೇಔಟ್ ಇಲ್ಲದ ಪ್ಲಾಟ್. 2020ರ ಎಲ್‌ಆರ್‌ಎಸ್‌ಗೆ ಒಂದು ಸಾವಿರ ರೂಪಾಯಿ ಕಟ್ಟಿ ಅರ್ಜಿ ಹಾಕಿದವರು ರಾಜ್ಯದಾಗ 25 ಲಕ್ಷದ ಸುಮಾರು ಮಂದಿ. ನಮ್ಮ ಕಡೆಯವರು ಭಾಳ ಮಂದಿ ರಸೀದಿ ಇಟ್ಟುಕೊಂಡು "ಆಯ್ತು, ಸಕ್ರಮ ಆಯ್ತು" ಅಂದುಕೊಂಡು ಕೂತಾರ. ಅದು ಅರ್ಜಿಯ ರಸೀದಿ ಅಷ್ಟೇ, ಆದೇಶ ಅಲ್ಲ. ಮುಂದಿನ ಶುಲ್ಕ ಕಟ್ಟಬೇಕು, ಆದೇಶ ಪತ್ರ ಬರಬೇಕು. ಟ್ರಂಕ್ ತೆಗೆದು ನೋಡ್ರಿ.

ಸಹಿ ಮಾಡಿದ್ದು ನಾವು, ಓದಿದ್ದು ಯಾರು?

ಈಗ ಭಾಷೆಯ ಮಾತಿಗೆ ಬರ್ರಿ. ಸ್ವಯಂ ದೃಢೀಕರಣ ಅಂದ್ರ ಏನು? "ನಾನು ಇಂಥ ಅಳತೆಗೆ ಇಂಥ ನಿಯಮಕ್ಕ ತಕ್ಕಂಗೆ ಕಟ್ಟುತೀನಿ, ತಪ್ಪಿದ್ರ ನಾನೇ ಹೊಣೆ" ಅಂತ ಬರೆದುಕೊಡೋದು. ತಪ್ಪಿದ್ರ ಏನಾಗ್ತದ? ಮುಂಚೆ ನೋಟಿಸ್ ಕೊಡದೇ ಕೆಡವಲಿಕ್ಕೆ ಕಾಯ್ದೆಯಾಗ ಅಧಿಕಾರ ಅದ. ಯಾಕಂದ್ರ ನೀವೇ ಬರೆದು ಕೊಟ್ಟೀರಿ ಅಲ್ಲ?

ಆ ದೃಢೀಕರಣ ಕನ್ನಡದಾಗ ಇಲ್ಲ. ನಮ್ಮ ಅಪ್ಪ-ಅವ್ವ ಸಹಿ ಮಾಡ್ತಾರ, ಇಲ್ಲಾ ಹೆಬ್ಬೆಟ್ಟು ಒತ್ತುತಾರ. ಮೀ ಸೇವಾ ಕೇಂದ್ರದ ಹುಡುಗ ಒತ್ತಿದ ಒಂದು ಗುಂಡಿ ಅವರ ಮಾತು ಆಗಿಬಿಡ್ತದ. ಓದಲಾರದ ಭಾಷೆಯಾಗ ಕೊಟ್ಟ ಮಾತಿಗೆ ಮನಿಯನ್ನೇ ಅಡಾ ಇಟ್ಟಂಗಾಯ್ತು. ಬ್ಯಾಂಕಿನಾಗ ಓದಲಿಕ್ಕೆ ಬಾರದವರು ಸಾಲಕ್ಕ ಹೆಬ್ಬೆಟ್ಟು ಒತ್ತಿದ್ರ, ಒಳಗ ಏನು ಬರೆದದ ಅಂತ ಅವರಿಗೆ ತಿಳಿಯೋ ಭಾಷೆಯಾಗ ವಿವರಿಸಿದೆವು ಅಂತ ಒಬ್ಬರು ಸಾಕ್ಷಿ ಬರೀಬೇಕು. ಮನಿ ಕೆಡವುವ ಅಧಿಕಾರ ಕೊಡುವ ಕಾಗದಕ್ಕ ಆ ಸಾಕ್ಷಿ ಬ್ಯಾಡವಾ?

ನಾವೂ ಗಂಗೆಯಲ್ಲಿ ಮಿಂದವರಲ್ಲ. ನಮ್ಮ ಕೌಂಟರ್ನಾಗೂ ಕನ್ನಡದ ಫಾರ್ಮ್ ಇಲ್ಲ. ಮುದ್ರಾ ಸಾಲಕ್ಕ ಜಾಮೀನು ಬೇಕಿಲ್ಲ ಅಂತ ಬೋರ್ಡ್ ಹಾಕ್ತೀವಿ. ಆದ್ರ ರೊಟ್ಟಿ ಅಕ್ಕ ಬಂದಾಗ ಉದ್ಯೋಗ ನಡೆಯುವ ಜಾಗದ ಕಾಗದ ಕೇಳ್ತೀವಿ, ಪಂಚಾಯ್ತಿ ಲೈಸೆನ್ಸ್ ಕೇಳ್ತೀವಿ. ಲೈಸೆನ್ಸ್ ಇಲ್ಲ ಅಂದ್ರ ಸಾಲ ಇಲ್ಲ, ಸಾಲ ಇಲ್ಲ ಅಂದ್ರ ಮಷೀನ್ ಇಲ್ಲ. ಒಂದು ಹಾಳಿ ತಪ್ಪಿದ್ದಕ್ಕ ಎಷ್ಟು ಬಾಗಿಲು ಮುಚ್ತಾವ ಅಂತ ನಾವು ದಿನಾ ಕೂತ ಜಾಗದಿಂದ ನೋಡ್ತೀವಿ. ಹಿಂಗಾಗಿ ಈ ಮಾತು ಬರೀಲತ್ತೀವಿ.

ನಾವು ಬಂದಿಲ್ಲ, ಗೆರೆ ಬಂದದ

"ಇಲ್ಲಿ ಇರೋದಾದ್ರ ಇಲ್ಲಿನ ಭಾಷೆ ಕಲೀರಿ" ಅಂತ ಕೆಲವರು ಅಂತಾರ. ಅವರಿಗೆ ಒಂದು ಸಣ್ಣ ಪಾಠ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆ ಮೂರು ಪಾಲು ಆಯ್ತು. ಬೀದರ, ಭಾಲ್ಕಿ, ಹುಮನಾಬಾದ್, ಔರಾದ್ ಕಡೆ ಮೈಸೂರಿಗೆ. ಉದಗೀರ, ನಿಲಂಗಾ, ಅಹಮದಪುರ ಬೊಂಬಾಯಿಗೆ. ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ ತಾಲೂಕು ಆಂಧ್ರಕ್ಕ. ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ಕೂಡ ಹಂಗೇ ಹೋದವು. ನಮ್ಮ ಅಜ್ಜಂದಿರು ಎಲ್ಲಿಂದಲೂ ಬಂದು ಇಲ್ಲಿ ಮನಿ ಕಟ್ಟಿಲ್ಲ. ಅವರು ಮಲಗಿದಲ್ಲೇ ಮಲಗಿದ್ದರು, ಬೆಳಗಾಗೋದ್ರೊಳಗ ಗೆರೆ ಬಂದು ಮನಿ ಆ ಕಡೆಗೆ ಬಿತ್ತು. ನಿರ್ಣಾದ ನಮ್ಮ ಬೀಗರಿಗೆ ಪಂಚಾಯ್ತಿಯಿಂದ ಫಾರ್ಮ್ 9, ಫಾರ್ಮ್ 11 ಕನ್ನಡದಾಗ ಸಿಗ್ತಾವ. ಅದೇ ಹಳೇ ತಾಲೂಕಿನ ನಮಗ ಇಲ್ಲ.

ತೆಲುಗು ನಮಗ ವೈರಿ ಅಲ್ಲ. ಸಂತ್ಯಾಗ, ಬಸ್ಸಿನಾಗ, ಮದುವಿಯಾಗ ನಾವು ತೆಲುಗು, ಉರ್ದು, ಮರಾಠಿ ಎಲ್ಲ ಮಾತಾಡ್ತೀವಿ. ಉರ್ದುವಿಗೆ ಈ ರಾಜ್ಯ 2017ರಲ್ಲಿ ಎಲ್ಲ ಜಿಲ್ಲೆಯಾಗೂ ಎರಡನೇ ಅಧಿಕೃತ ಭಾಷೆಯ ಮಾನ ಕೊಟ್ಟಿತು. ಕೊಡಲಿ, ಚಲೋ ಆಯ್ತು. ನಮ್ಮದು ಇಡೀ ರಾಜ್ಯದ ಮಾತಲ್ಲ. ಕನ್ನಡದವರು ಇರುವ ಮಂಡಲಗಳಾಗ ನೋಟಿಸ್ ಹಿಂದಿನ ಪುಟದಾಗ ಕನ್ನಡ ಇರಲಿ ಅಂತ ಅಷ್ಟೇ ಕೇಳ್ತೀವಿ.

ಇದು ಭಿಕ್ಷೆಯೂ ಅಲ್ಲ. ಸಂವಿಧಾನದ 350ನೇ ವಿಧಿ ನೋಡ್ರಿ. ತನ್ನ ಕಷ್ಟ ಹೇಳಿಕೊಳ್ಳಲಿಕ್ಕೆ ಯಾವುದೇ ಅಧಿಕಾರಿಗೆ, ಕೇಂದ್ರದಾಗ ಇಲ್ಲಾ ಆ ರಾಜ್ಯದಾಗ ಬಳಕೆಯಲ್ಲಿರುವ ಯಾವುದೇ ಭಾಷೆಯಾಗ ಅರ್ಜಿ ಕೊಡುವ ಹಕ್ಕು ಪ್ರತಿಯೊಬ್ಬರಿಗೆ ಅದ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ 1956ರಲ್ಲಿ ಕೇಂದ್ರ ಹೊರಡಿಸಿದ ಜ್ಞಾಪನದಾಗ ಇನ್ನೊಂದು ಮಾತದ. ಪುರಸಭೆ, ತಹಸೀಲಿನಂಥ ಸಣ್ಣ ಪ್ರದೇಶದಾಗ ಒಂದು ಭಾಷೆಯವರು ನೂರಕ್ಕೆ 15ರಿಂದ 20 ಇದ್ರ, ಮಹತ್ವದ ಸರ್ಕಾರಿ ಸೂಚನೆ, ನಿಯಮಗಳನ್ನ ಆ ಭಾಷೆಯಾಗೂ ಪ್ರಕಟಿಸೋದು ಒಳ್ಳೇದು ಅಂತ. ಮನಿ ಮುರಿಯುವ ನೋಟಿಸಿಗಿಂತ ಮಹತ್ವದ ಸೂಚನೆ ಯಾವುದದ?

ಕಾಸರಗೋಡಿನ ಕಡೆ ನೋಡ್ರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅಲ್ಲಿಯ ಕನ್ನಡಿಗರಿಗೆ ತಮ್ಮ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟದ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕೂ ಕೊಟ್ಟದ. ಅಲ್ಲಿ ಎಲ್ಲ ಸರಿ ನಡೆದದ ಅಂತಲ್ಲ. ಅಲ್ಲಿಯವರೂ ದಿನಾ ಬಡಿದಾಡ್ತಾರ. ಆದ್ರ ಅವರ ಕೈಯಾಗ ಹಿಡಿದು ತೋರಿಸ್ಲಿಕ್ಕೆ ಒಂದು ಕಾಯ್ದೆಯ ಸಾಲು ಅದ. ನಮ್ಮ ಕೈ ಖಾಲಿ.

ಭಾಷೆ ಕೊಟ್ರ ಆಡಳಿತ ನಿಂತು ಹೋಗ್ತದ ಅನ್ನೋರಿಗೆ ಇನ್ನೊಂದು. 2020ರಲ್ಲಿ ಕೇಂದ್ರದ ಪರಿಸರ ಪರಿಣಾಮ ಅಧಿಸೂಚನೆಯ ಕರಡು ಇಂಗ್ಲಿಷ್ ಹಿಂದಿಯಾಗ ಮಾತ್ರ ಬಂದಾಗ, ಆ ವರ್ಷ ಜೂನ್ 30ರಂದು ದೆಹಲಿ ಹೈಕೋರ್ಟ್ ಅದನ್ನ ಎಂಟನೇ ಅನುಸೂಚಿಯ 22 ಭಾಷೆಗೂ ಅನುವಾದಿಸ್ರಿ ಅಂತ ಹೇಳಿತು. ಆಕ್ಷೇಪ ಹೇಳು ಅಂತ ಕರೆದ ಮ್ಯಾಲ, ಏನಕ್ಕ ಆಕ್ಷೇಪ ಹೇಳಬೇಕು ಅಂತ ತಿಳಿಯಬೇಕಲ್ಲ?

ಓದಿದವರು ಉಳಿದರು

ಬಗಲಿನ ಕಾಮಾರೆಡ್ಡಿ ನೋಡ್ರಿ. ಅಲ್ಲಿಯ ಪುರಸಭೆಯ ಮಾಸ್ಟರ್ ಪ್ಲಾನ್ ಕರಡಿನಾಗ ರೈತರ ಹೊಲಗಳನ್ನ ಕೈಗಾರಿಕಾ ವಲಯದಾಗ ತೋರಿಸಿದ್ದರು. ರೈತರು ನಕ್ಷೆ ಓದಿದರು, ಸರ್ವೆ ನಂಬರ್ ಹುಡುಕಿದರು, ಬೀದಿಗಿಳಿದರು. 2023ರ ಜನವರಿಯಲ್ಲಿ ಪುರಸಭೆಯೇ ಆ ಕರಡು ರದ್ದು ಮಾಡುವ ಠರಾವು ಮಾಡಿತು. ಅವರು ತೆಲುಗಿನವರು, ತೆಲುಗಿನ ಕಾಗದ, ಆದ್ರೂ ಅಷ್ಟು ಬಡಿದಾಡಬೇಕಾಯ್ತು. ಅಂದ್ರ ಈ ರೋಗ ಬರೇ ಕನ್ನಡಿಗರದಲ್ಲ. ಸಣ್ಣ ಜಾಗದವರೆಲ್ಲರದ್ದು. ನಮಗ ಅದರ ಮ್ಯಾಲ ಇನ್ನೊಂದು ಗೋಡೆ ಅದ, ಅಷ್ಟೇ. ಈ ಹೋರಾಟಕ್ಕ ತೆಲುಗಿನ ಗೆಳೆಯರನ್ನ ಕರೀರಿ, ಬರ್ತಾರ.

ನಮ್ಮವರೇ ಅನ್ನೋ ಮಾತು

"ಕನ್ನಡ ಹೋರಾಟ ಅಂದ್ರ ಶಾಲಿ, ಬೋರ್ಡು, ರಾಜ್ಯೋತ್ಸವ. ತಗಡಿನ ಶೆಡ್ಡಿಗೆ ಕನ್ನಡ ಯಾಕ?" ಅಂತ ನಮ್ಮವರೇ ಕೇಳ್ತಾರ. ಸಿಟ್ಟು ಬರ್ತದ, ಆದ್ರೂ ಸಮಾಧಾನದಿಂದ ಉತ್ತರ ಹೇಳ್ತೀವಿ.

ಕನ್ನಡ ಶಾಲ್ಯಾಗ ಮಕ್ಕಳು ಯಾಕ ಕಮ್ಮಿ ಆಗ್ಲತ್ತಾರ? ಕನ್ನಡ ಓದಿದ್ರ ಊರಾಗ ಯಾವ ಕೆಲಸಕ್ಕೂ ಬರಲ್ಲ ಅಂತ ತಾಯಿ-ತಂದಿಗೆ ಅನಿಸದ. ಕನ್ನಡ ಓದಿದ ತಾಯಿಗೆ ತನ್ನ ಮನಿಯ ನೋಟಿಸ್ ಓದ್ಲಿಕ್ಕೆ ಆಗಲಿಲ್ಲ. ಮಗನನ್ನ ಕನ್ನಡ ಶಾಲಿಗೆ ಆಕಿ ಯಾಕ ಹಾಕ್ತಾಳ? ನವೆಂಬರ್ ಒಂದಕ್ಕ ಬಾವುಟ ಹಾರಿಸ್ರಿ, ನಾವೂ ಬರ್ತೀವಿ. ಆದ್ರ ಒಂದು ಕನ್ನಡ ಅರ್ಜಿಗೆ ಒಂದು ಕನ್ನಡ ಉತ್ತರ ಬಂದ ದಿನ ಶಾಲಿಗೆ ಹತ್ತು ಮಕ್ಕಳು ತಾವಾಗೇ ಬರ್ತಾರ. ಭಾಷೆ ಹೊಟ್ಟಿಗಿ ಹತ್ತಬೇಕು, ಮನಿಗಿ ಹತ್ತಬೇಕು. ಇಲ್ಲಾಂದ್ರ ಅದು ಮೆರವಣಿಗೆಯ ಶಾಲು ಆಗಿ ಉಳೀತದ.

ಇನ್ನು ಕೆಲವರು "ರಿಯಾಯಿತಿ ಕೊಟ್ರ ಎಲ್ಲರೂ ರಸ್ತೆ ನುಂಗ್ತಾರ" ಅಂತಾರ. ಈ ಮಾತಿನಾಗ ಸತ್ಯ ಅದ. ಬೆಂಕಿ ಬಂಡಿ ಬರಲಿಕ್ಕೆ, ಗಟಾರ ಹರೀಲಿಕ್ಕೆ, ಬಾಜೂ ಮನಿಗಿ ಗಾಳಿ ಬೆಳಕು ಸಿಗಲಿಕ್ಕೆ ಜಾಗ ಬಿಡಲೇಬೇಕು. ಗಟಾರ ಮುಚ್ಚಿ ಕಟ್ಟಿದವರ ಪರ ನಾವು ಮಾತಾಡಲ್ಲ. ನಾವು ಕೇಳೋದು ಗೆರೆ ಎಲ್ಲಿ ಅದ ಅಂತ ಬರೆದುಕೊಡ್ರಿ ಅಂತ. ಹೊಗಿ, ಗದ್ದಲ, ಕೊಳಚೆ ಇಲ್ಲದ ಕೆಲಸ. ಮನಿಯವರು ಮತ್ತು ಒಂದಿಬ್ಬರು ದುಡಿಯುವ ಕೆಲಸ. ಮನಿಯ ಒಂದು ಕೋಣೆ ಮೀರದ ಜಾಗ. ರೊಟ್ಟಿ, ಹಪ್ಪಳ, ಹೊಲಿಗಿ, ಟ್ಯೂಷನ್, ಮೊಬೈಲ್ ರಿಪೇರಿ. ಇಂಥವನ್ನ ವಾಸದ ಬಳಕೆಯೊಳಗೇ ಎಣಿಸ್ರಿ, ಬಾಜೂದವರ ಒಪ್ಪಿಗೆ ತಗೊಂಡು ಗ್ರಾಮಸಭೆ ತೀರ್ಮಾನ ಮಾಡಲಿ. ಮನಿಯ ಮುಂದಿನ ಕೋಣ್ಯಾಗ ವಕೀಲರ ಆಫೀಸ್ ಇದ್ರ, ಡಾಕ್ಟರ ಕ್ಲಿನಿಕ್ ಇದ್ರ ಯಾರೂ ನಕ್ಷೆ ಕೇಳಲ್ಲ. ರೊಟ್ಟಿ ಹಂಚಿಗೆ ಯಾಕ ಕೇಳ್ತಾರ?

ಮತ್ತೊಂದು ಮಾತು, ಕಹಿ ಅದ. ಕಾಗದ ಮಾಡಿಸದೇ ಕಟ್ಟುವ ಚಟ ನಮ್ಮಲ್ಲೂ ಅದ. ಒಂದು ರೂಪಾಯಿ ನೋಂದಣಿ ಬಿಟ್ಟು ದಲ್ಲಾಳಿಗೆ ಐದು ಸಾವಿರ ಕೊಡ್ತೀವಿ. ಗ್ರಾಮಸಭೆಗೆ ಕರೆದ್ರ ಹೋಗಲ್ಲ. ಇದನ್ನ ಬಿಡದೇ ಸರ್ಕಾರಕ್ಕ ಮಾತ್ರ ಬೈದ್ರ ಯಾರೂ ಕೇಳಲ್ಲ.

ಏನು ಮಾಡಾಮು

1. ಮನಿಗಿ ಯಾವುದೇ ಕಚೇರಿ ಕಾಗದ ಬಂದ್ರ ಅದೇ ದಿನ ಓದಿಸ್ರಿ. ಮೊದಲು ಹುಡುಕಬೇಕಾದದ್ದು ಉತ್ತರ ಕೊಡುವ ಕೊನೆ ದಿನ. ಕಾಗದ ಕೈಗೆ ಬಂದ ತಾರೀಖನ್ನ ಮೂಲೆಯಾಗ ಪೆನ್ನಿಂದ ಬರೆದಿಡ್ರಿ.

2. ಉತ್ತರವನ್ನ ಕನ್ನಡದಾಗ ಬರೀರಿ, ಕೆಳಗ ತೆಲುಗು ಇಲ್ಲಾ ಇಂಗ್ಲಿಷ್ ಪ್ರತಿ ಹಚ್ಚ್ರಿ. ಮೊದಲ ಸಾಲಿನಾಗ "ಸಂವಿಧಾನದ 350ನೇ ವಿಧಿಯಂತೆ" ಅಂತ ಬರೀರಿ. ಬರೇ ಕನ್ನಡ ಕೊಟ್ಟು ಕಾಯ್ದು ಮನಿ ಕಳಕೊಳ್ಳಬ್ಯಾಡ್ರಿ. ಹಕ್ಕೂ ಉಳೀಬೇಕು, ಗೋಡೆನೂ ಉಳೀಬೇಕು. ಸ್ವೀಕೃತಿ ಮೊಹರು ಇಲ್ಲದೇ ಕಚೇರಿಯಿಂದ ಹೊರಗೆ ಬರಬ್ಯಾಡ್ರಿ.

3. ಮಾಹಿತಿ ಹಕ್ಕು ಬಳಸ್ರಿ. ಈ ಅರ್ಜಿ ಇಂಗ್ಲಿಷ್, ಹಿಂದಿ ಇಲ್ಲಾ ಆ ಪ್ರದೇಶದ ಅಧಿಕೃತ ಭಾಷೆಯಾಗ ಇರಬೇಕು. ಬರೆಯಲಿಕ್ಕೆ ಬಾರದವರಿಗೆ ಬರೆದುಕೊಳ್ಳಲಿಕ್ಕೆ ಸಹಾಯ ಮಾಡೋದು ಮಾಹಿತಿ ಅಧಿಕಾರಿಯ ಕೆಲಸ ಅಂತ ಕಾಯ್ದೆಯೇ ಹೇಳ್ತದ. ಗ್ರಾಮ ಮಟ್ಟದಾಗ ಫೀಸಿಲ್ಲ, ಮಂಡಲ ಮಟ್ಟದಾಗ 5 ರೂಪಾಯಿ. 30 ದಿನದಾಗ ಉತ್ತರ. ಕೇಳಬೇಕಾದದ್ದು: ನಮ್ಮ ಪಂಚಾಯ್ತಿಯಾಗ ಎಷ್ಟು ಮನಿಗಳಿಗೆ ನೋಟಿಸ್ ಹೋಗ್ಯಾವ, ಯಾವ ಭಾಷೆಯಾಗ, ಎಷ್ಟು ಮಂದಿ ಉತ್ತರ ಕೊಟ್ಟಾರ, ಎಷ್ಟು ಮಂದಿಗೆ ರಿಯಾಯಿತಿ ಸಿಕ್ಕದ. ಅದೇ ಕಾಯ್ದೆಯ 4ನೇ ಕಲಂ ಮಾಹಿತಿ ಹಂಚುವಾಗ ಸ್ಥಳೀಯ ಭಾಷೆ ನೋಡ್ರಿ ಅಂತದ. ಅದನ್ನೂ ನೆನಪು ಮಾಡ್ರಿ.

4. ಮನಿ ಉದ್ಯೋಗ ನಡೆಸೋ ಅಕ್ಕ-ತಂಗಿಯರಿಗೆ ಮೂರು ಕಾಗದ ಮಾಡಿಸಿಕೊಡ್ರಿ. ಉದ್ಯಮ್ ನೋಂದಣಿ ಪುಕ್ಕಟೆ. ತಿನ್ನುವ ಪದಾರ್ಥ ಇದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ಸಣ್ಣ ನೋಂದಣಿ, ವರ್ಷಕ್ಕ 100 ರೂಪಾಯಿ. ಮೂರನೇದ್ದು ಪಂಚಾಯ್ತಿ ಲೈಸೆನ್ಸ್. ಈ ಮೂರು ಇದ್ರ ಬ್ಯಾಂಕಿನಾಗ ನಮ್ಮಂಥವರಿಗೂ ಇಲ್ಲ ಅನ್ನಲಿಕ್ಕೆ ಕಷ್ಟ. ಆಹಾರ ಸಂಸ್ಕರಣೆಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಾಗ ನೂರಕ್ಕೆ 35ರಷ್ಟು ಸಹಾಯಧನ ಸುದ್ದಾ ಅದ.

5. ಗ್ರಾಮಸಭೆಗೆ ಹೋಗ್ರಿ. 2024ರ ಫೆಬ್ರವರಿಯಿಂದ ಸುಮಾರು ಎರಡು ವರ್ಷ ನಮ್ಮ ಪಂಚಾಯ್ತಿಗಳಾಗ ಸರ್ಪಂಚರೇ ಇರಲಿಲ್ಲ, ವಿಶೇಷಾಧಿಕಾರಿಗಳ ಕೈಯಾಗ ಇದ್ದವು. 2025ರ ಡಿಸೆಂಬರ್‌ನಲ್ಲಿ ಚುನಾವಣೆ ಆದವು. ಓಟು ಕೇಳಲಿಕ್ಕೆ ನಮ್ಮ ಓಣಿಗೆ ಬಂದವರು ಕನ್ನಡದಾಗೇ ಕೇಳಿದರು. ಈಗ ನಾವು ಕೇಳಾಮು. ಎರಡು ಠರಾವು ಸಾಕು. ಮನಿ, ಜಾಗ, ಉದ್ಯೋಗದ ನೋಟಿಸ್ ಎಲ್ಲ ಕನ್ನಡದಾಗೂ ಕೊಡಬೇಕು ಅನ್ನೋದು ಒಂದು. ಸಣ್ಣ ಮನಿ ಉದ್ಯೋಗಕ್ಕ ರಿಯಾಯಿತಿಯ ನಿಯಮ ಮಾಡ್ರಿ ಅಂತ ರಾಜ್ಯ ಸರ್ಕಾರಕ್ಕ ಶಿಫಾರಸು ಕಳಿಸೋದು ಇನ್ನೊಂದು.

6. ಬೆಂಗಳೂರಿಗೂ ಒಂದು ಮಾತು. 2010ರ ಕಾಯ್ದೆಯಿಂದ ಕರ್ನಾಟಕಕ್ಕ ಒಂದು ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅದ. ಗಡಿ ಉತ್ಸವ ಮಾಡ್ರಿ, ಬ್ಯಾಡ ಅನ್ನಲ್ಲ. ಜೊತೆಗೆ ಈ ಫಾರ್ಮ್‌ಗಳ ಕನ್ನಡ ಅನುವಾದ ಮಾಡಿ ತೆಲಂಗಾಣಕ್ಕ ಕೊಡ್ರಿ. ಹತ್ತು ಹಾಳಿಯ ಕೆಲಸ. ಒಂದು ಸನ್ಮಾನದ ಹಾರ-ತುರಾಯಿಯ ಖರ್ಚೂ ಬೀಳಲ್ಲ.

ಮಚ್‌ನೂರು ನಮ್ಮ ಝರಾಸಂಗಂ ಮಂಡಲದ್ದೇ ಹಳ್ಳಿ. ಓದು ಬರಹ ಕಮ್ಮಿ ಇದ್ದ, ಸಿರಿಧಾನ್ಯ ಬೆಳೆಯುವ ಹೆಣ್ಣುಮಕ್ಕಳು ಅಲ್ಲಿ 2008ರಿಂದ ಸಂಘಂ ರೇಡಿಯೋ ನಡೆಸ್ಲತ್ತಾರ. ತಮ್ಮ ಮಾತಿನಾಗ, ತಮ್ಮ ದನಿಯಾಗ. ರೇಡಿಯೋ ನಡೆಸೋದು ನಿಮ್ಮಿಂದ ಆಗಲ್ಲ ಅಂತ ಅವರಿಗೂ ಯಾರೋ ಅಂದಿರಬೇಕು. ಅವರ ಬಗಲಾಗಿದ್ದು ನಾವು, ಡಿಗ್ರಿ ಓದಿದವರು, ಕೈಯಾಗ ಫೋನ್ ಇದ್ದವರು, ಓಣಿಯವರ ಒಂದು ನೋಟಿಸ್ ಓದಿ ಹೇಳಲಾರೆವಾ?

ರೊಟ್ಟಿ ಅಕ್ಕ ಈಗ ಮತ್ತ ಒಳಗಿನ ಒಲಿ ಮ್ಯಾಲ ಒಬ್ಬಳೇ ಬಡೀಲತ್ತಾಳ. ಕಿತ್ತ ತಗಡು ಹಿತ್ತಲದಾಗ ಗ್ವಾಡಿಗೆ ಆನಿಸಿ ಇಟ್ಟಾಳ, ಮಾರಿಲ್ಲ. ಕೇಳಿದ್ರ "ಪರವಾನಗಿ ಬಂದ್ರ ಬೇಕಾಗ್ತಾವಲ್ಲ" ಅಂದಳು. ಆಕಿ ಅರ್ಜಿ ಬರೆದದ್ದಾಗ್ಯದ, ಮೊದಲ ಪುಟ ಕನ್ನಡ, ಎರಡನೇ ಪುಟ ತೆಲುಗು. ಮುಂದಿನ ಗ್ರಾಮಸಭೆಯಾಗ ಕೊಡ್ತೀವಿ. ನಿಮ್ಮ ಓಣಿಯ ಅರ್ಜಿನೂ ತಗೊಂಡು ಬರ್ರಿ.